ಬೈದುಕೊಳ್ಳುವುದು ಕನ್ನಡದಲ್ಲಿ, ಸಮಾಧಾನ ಮರಾಠಿಯಲ್ಲಿ?

ಸಾಂಗಲಿಯ ಮಾನ್ಯ ಜಿಲ್ಲಾಧಿಕಾರಿಗಳಿಗೆ ಮತ್ತು ಜಿಲ್ಲಾ ಶಲ್ಯಚಿಕಿತ್ಸಕರಿಗೆ,



ನಾನು ಮಹಾರಾಷ್ಟ್ರದ ಗಡಿಯ ಜತ್ತ ತಾಲ್ಲೂಕಿನ ಕನ್ನಡ ಶಾಲೆಯೊಂದರ ನಿವೃತ್ತ ಮಾಸ್ತರ. ದಾಳಿಂಬೆ ತೋಟ ಒಣಗಿ ಸಾಲ ಏರಿದ ಮೇಲೆ ನನ್ನ ಅಕ್ಕನಿಗೆ ನಿದ್ದೆ ಹತ್ತಲಿಲ್ಲ, ಊಟ ಸೇರಲಿಲ್ಲ. ಹಗಲು ರಾತ್ರಿ ಒಂದೇ ಮಾತು: ‘ಎಲ್ಲಾ ನಂದ ತಪ್ಪ.’ ಮಿರಜದ ದವಾಖಾನೆಯೊಂದಕ್ಕೆ ಕರೆದುಕೊಂಡು ಹೋದೆ. ಡಾಕ್ಟರು ಮಾತ್ರೆ ಕೊಟ್ಟು ಆಪ್ತಸಮಾಲೋಚಕರ ಬಳಿ ಕಳಿಸಿದರು. ಉಸಿರಿನ ಮೇಲೆ ಗಮನವಿಡುವುದನ್ನೂ ತನ್ನನ್ನು ತಾನು ಕರುಣೆಯಿಂದ ಕಾಣುವುದನ್ನೂ ಅವರು ತಾಳ್ಮೆಯಿಂದ ಕಲಿಸಿದರು, ಆದರೆ ಮರಾಠಿಯಲ್ಲಿ. ಅಕ್ಕನಿಗೆ ಬರುವುದು ಸಂತೆಗೆ ಸಾಲುವಷ್ಟು ಮರಾಠಿ. ನಡುವೆ ಕೂತು ನಾನೇ ಕನ್ನಡ ಮಾಡಿ ಹೇಳಿದೆ. ತಮ್ಮನ ಎದುರು ಅಕ್ಕ ಮನಸ್ಸು ಬಿಚ್ಚುವುದುಂಟೆ? ಮೂರನೆಯ ಸಲ ಆಕೆ ಬರಲೇ ಇಲ್ಲ.

ಇದು ಮರಾಠಿಯ ಮೇಲಿನ ದೂರಲ್ಲ, ಆ ಸಮಾಲೋಚಕರ ತಪ್ಪೂ ಅಲ್ಲ. ಕೊರತೆ ಇರುವುದು ವ್ಯವಸ್ಥೆಯಲ್ಲಿ.

ಅಕ್ಕನಿಗೆ ಕಲಿಸಿದ ಅಭ್ಯಾಸಗಳ ಮೂಲ ಬೇರೆಡೆಯದು. 1979ರಲ್ಲಿ ಅಮೆರಿಕದ ಜಾನ್ ಕಬಾಟ್-ಜಿನ್ ಬೌದ್ಧ ಧ್ಯಾನದಿಂದ ಪಡೆದ ಸಾವಧಾನದ ಅಭ್ಯಾಸವನ್ನು ಆಸ್ಪತ್ರೆಗೆ ತಂದರು. 2003ರಲ್ಲಿ ಮನಶ್ಶಾಸ್ತ್ರಜ್ಞೆ ಕ್ರಿಸ್ಟಿನ್ ನೆಫ್ ಸ್ವ-ಕರುಣೆಯ ಮೂರು ಅಂಗಗಳನ್ನು ವಿವರಿಸಿದರು: ತನ್ನ ಬಗ್ಗೆ ಮೃದುವಾಗಿರುವುದು, ಈ ಸಂಕಟ ತನ್ನೊಬ್ಬಳದಲ್ಲವೆಂದು ಅರಿಯುವುದು, ನೋವನ್ನು ಹಿಗ್ಗಿಸದೆ ಮುಚ್ಚಿಡದೆ ಇದ್ದಂತೆ ನೋಡುವುದು. ಮಾತ್ರೆಗೆ ಭಾಷೆ ಬೇಕಿಲ್ಲ. ಈ ಚಿಕಿತ್ಸೆಗೆ ಭಾಷೆಯೇ ಔಷಧ. ಅಕ್ಕ ತನ್ನನ್ನು ಬೈದುಕೊಳ್ಳುವುದು ಕನ್ನಡದಲ್ಲಿ. ‘ಇರಲಿ ಬಿಡವಾ, ನೀ ಒಬ್ಬಾಕೀನ ಅಲ್ಲ’ ಎಂಬ ಸಮಾಧಾನವೂ ಆ ಕನ್ನಡದಲ್ಲೇ ಹುಟ್ಟಬೇಕು.

1894ರಲ್ಲಿ ಡಾಕ್ಟರ್ ವಾನ್ಲೆಸ್ ಅವರ ಮಿಷನ್ ಆಸ್ಪತ್ರೆ ಶುರುವಾದಂದಿನಿಂದ ಮಿರಜ ನಮಗೆ ದವಾಖಾನೆಗಳ ಊರು. ಜತ್ತದಿಂದಷ್ಟೇ ಅಲ್ಲ, ಗಡಿಯಾಚೆ ಕರ್ನಾಟಕದ ಅಥಣಿ, ಕಾಗವಾಡ, ರಾಯಬಾಗದಿಂದಲೂ ಕನ್ನಡದ ರೋಗಿಗಳು ಬರುತ್ತಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಚಿಕಿತ್ಸೆಯ ವಿವರವನ್ನು ರೋಗಿಗೆ ತಿಳಿಯುವ ಭಾಷೆಯಲ್ಲೇ ಹೇಳಿ ಒಪ್ಪಿಗೆ ಪಡೆಯಬೇಕೆನ್ನುತ್ತದೆ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗ. ಕನ್ನಡದ ನೆಲದಲ್ಲಿ ಬೆಳೆದ ಆ ಕಾರ್ಯಕ್ರಮ ಗಡಿ ದಾಟಿದ ಮೇಲೆ ನಮ್ಮೊಡನೆ ಕನ್ನಡ ಮಾತಾಡದಿರುವುದು ನೋವಿನ ಸಂಗತಿ.

ನಮ್ಮ ಬೇಡಿಕೆಗಳು ಮೂರು.

ಒಂದು, ಮಿರಜದ ಸರ್ಕಾರಿ ಆಸ್ಪತ್ರೆಯಲ್ಲೂ ಜತ್ತದಲ್ಲೂ ವಾರಕ್ಕೆ ಒಂದು ದಿನವಾದರೂ ಕನ್ನಡ ಬಲ್ಲ ಆಪ್ತಸಮಾಲೋಚಕರು ಸಿಗಲಿ. ಅಲ್ಲಿಯವರೆಗೆ, ಗುಟ್ಟು ಕಾಯುವ ತರಬೇತಿ ಪಡೆದ ದುಭಾಷಿಗಳನ್ನು ನೇಮಿಸಿ. ಮನೆಯವರನ್ನು ಆ ಕೆಲಸಕ್ಕೆ ಕೂರಿಸಬೇಡಿ.

ಎರಡು, ಒಪ್ಪಿಗೆ ಪತ್ರವೂ ಉಸಿರಾಟದ ಅಭ್ಯಾಸದ ಕೈಪಿಡಿಯೂ ಕನ್ನಡದಲ್ಲಿರಲಿ. ಓದು ಬಾರದವರಿಗೆ ಧ್ವನಿಮುದ್ರಿಕೆ ಕೊಡಿ.

ಮೂರು, 2022ರಲ್ಲಿ ಶುರುವಾದ ಕೇಂದ್ರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡವೂ ಉಂಟು. ಆ ಸಂಖ್ಯೆಯನ್ನು ಜತ್ತ, ಮಿರಜ ಬಸ್ ನಿಲ್ದಾಣಗಳಲ್ಲಿ ಕನ್ನಡದಲ್ಲಿ ಬರೆಸಿ. ಆಶಾ ಕಾರ್ಯಕರ್ತೆಯರು ಅದನ್ನು ಮನೆಮನೆಗೆ ತಿಳಿಸಲಿ.

ಅಕ್ಕನನ್ನು ಮತ್ತೆ ಮಿರಜಕ್ಕೆ ಕರೆತರುವ ಜವಾಬ್ದಾರಿ ನನ್ನದು. ಅಲ್ಲಿ ಆಕೆಯ ಮಾತು ತಿಳಿಯುವ ಒಬ್ಬರನ್ನು ಕೂರಿಸುವ ಜವಾಬ್ದಾರಿ ತಮ್ಮದು. ನಾನು ಹೊರಗಿನ ಬಾಕಿನ ಮೇಲೆ ಕಾಯುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಜತ್ತ ತಾಲ್ಲೂಕಿನ ಒಬ್ಬ ನಿವೃತ್ತ ಕನ್ನಡ ಶಿಕ್ಷಕ