ಧ್ವಜಸ್ತಂಭದ ನೆರಳೂ ಮಳೆ ನಕ್ಷತ್ರವೂ

ಜಗಳೂರಿನ ಒಣಭೂಮಿಯ ರೈತ ಬಿತ್ತನೆಯ ಮಾತೆತ್ತಿದರೆ ಇಂದಿಗೂ ರೋಹಿಣಿ, ಮೃಗಶಿರ, ಆರಿದ್ರ ಮಳೆಗಳ ಹೆಸರು ಬರುತ್ತದೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿಗಳಲ್ಲೂ ಈ ಲೆಕ್ಕ ಮರೆತುಹೋಗಿಲ್ಲ. ವಿದ್ಯಾವಂತರಲ್ಲಿ ಕೆಲವರು ಇದನ್ನು ಮೂಢನಂಬಿಕೆಯೆಂದು ತಳ್ಳಿಹಾಕುತ್ತಾರೆ. ಕೆಲವರು ಋಷಿವಾಕ್ಯವೆಂದು ತಲೆಯ ಮೇಲೆ ಹೊರುತ್ತಾರೆ. ಎರಡೂ ತಪ್ಪು.

ಸೂರ್ಯನು ವರ್ಷವಿಡೀ ನಕ್ಷತ್ರಗಳ ನಡುವೆ ಸಾಗುವಂತೆ ಕಾಣುವ ಹಾದಿಯೇ ಕ್ರಾಂತಿವೃತ್ತ. ಅದನ್ನು 27 ಸಮಭಾಗ ಮಾಡಿದರೆ ಒಂದೊಂದು ಭಾಗವನ್ನು ದಾಟಲು ಸೂರ್ಯನಿಗೆ ಸುಮಾರು ಹದಿಮೂರೂವರೆ ದಿನ ಬೇಕು. ರೈತನ ಒಂದು 'ಮಳೆ' ಎಂದರೆ ಇಷ್ಟೇ. ಆದರೆ ಋತುಗಳನ್ನು ಅಳೆಯಲು ಬೇಕಾದದ್ದು ಇನ್ನೊಂದು ವೃತ್ತ. ಭೂಮಧ್ಯರೇಖೆಯನ್ನು ಆಕಾಶಕ್ಕೆ ವಿಸ್ತರಿಸಿದಾಗ ದೊರೆಯುವ ಈ ವಿಷುವದ್ವೃತ್ತದಿಂದ ಸೂರ್ಯ ಎಷ್ಟು ಉತ್ತರಕ್ಕೆ ಅಥವಾ ದಕ್ಷಿಣಕ್ಕೆ ಇದ್ದಾನೆ ಎಂಬುದರ ಮೇಲೆ ಋತುಚಕ್ರ ನಿಂತಿದೆ.

ಈ ಎರಡು ವೃತ್ತಗಳು ಸಂಧಿಸುವ ಬಿಂದು ಸ್ಥಿರವಲ್ಲ. ಸುಮಾರು 72 ವರ್ಷಕ್ಕೆ ಒಂದು ಅಂಶದಷ್ಟು ಹಿಂದೆ ಸರಿಯುತ್ತದೆ. ಪರಿಣಾಮವಾಗಿ, ಋತುವಿಗೆ ಹೋಲಿಸಿದರೆ ಮಳೆ ನಕ್ಷತ್ರಗಳು ಅಷ್ಟೇ ಅವಧಿಗೆ ಒಂದು ದಿನ ತಡವಾಗುತ್ತವೆ. ಸಾವಿರ ವರ್ಷದಲ್ಲಿ ಇದು ಸುಮಾರು ಒಂದು ಇಡೀ ಮಳೆಯ ಅಂತರ. ಸೂರ್ಯ ನಿಜವಾಗಿ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21-22ಕ್ಕಾದರೂ ನಾವು ಮಕರ ಸಂಕ್ರಾಂತಿಯನ್ನು ಜನವರಿ 14-15ಕ್ಕೆ ಆಚರಿಸುವುದಕ್ಕೂ ಇದೇ ಕಾರಣ. ಮೇಘನಾದ ಸಹಾ ಅಧ್ಯಕ್ಷತೆಯ ಪಂಚಾಂಗ ಸುಧಾರಣಾ ಸಮಿತಿ 1955ರ ವರದಿಯಲ್ಲಿಯೇ ಈ ದೋಷವನ್ನು ಎತ್ತಿ ತೋರಿತ್ತು. 1957ರ ಮಾರ್ಚ್ 22ರಂದು ಜಾರಿಗೆ ಬಂದ ರಾಷ್ಟ್ರೀಯ ಪಂಚಾಂಗ ಸರ್ಕಾರಿ ಗೆಜೆಟ್‌ನಲ್ಲಿ ಉಳಿಯಿತೇ ಹೊರತು ಜನರ ಮನೆಯ ಗೋಡೆಗೆ ಬರಲಿಲ್ಲ.

ತಿಳಿವಳಿಕೆಯಿಲ್ಲದೆ ಹೊರಡಿಸಿದ ಸುಧಾರಣೆ ಹೀಗೆಯೇ ಸೋಲುತ್ತದೆ. ತಿಳಿವಳಿಕೆ ಶಾಲೆಯ ಅಂಗಳದಲ್ಲಿ ಆರಂಭವಾಗಲಿ. ಈ ನಾಲ್ಕೂ ತಾಲ್ಲೂಕುಗಳು 14 ಅಂಶ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿವೆ. ಸೂರ್ಯ ವಿಷುವದ್ವೃತ್ತದಿಂದ ಅಷ್ಟೇ ಅಂಶ ಉತ್ತರದಲ್ಲಿರುವ ದಿನ ನಡುಹಗಲಿನಲ್ಲಿ ನೆಟ್ಟನೆಯ ಕಂಬಕ್ಕೆ ನೆರಳೇ ಇರುವುದಿಲ್ಲ. ಏಪ್ರಿಲ್ ಕೊನೆಯಲ್ಲಿ ಇದು ಸಂಭವಿಸುವಾಗ ಶಾಲೆಗೆ ರಜೆ. ಮತ್ತೆ ಸಂಭವಿಸುವುದು ಆಗಸ್ಟ್ 15ರ ಆಸುಪಾಸಿನಲ್ಲಿ! ಧ್ವಜವಂದನೆ ಮುಗಿದ ಮೇಲೆ ಮಕ್ಕಳನ್ನು ಮಧ್ಯಾಹ್ನ 12.30ರವರೆಗೆ ಉಳಿಸಿಕೊಂಡರೆ ಸಾಕು. ಮೋಡ ಸರಿದರೆ ಧ್ವಜಸ್ತಂಭವೇ ಪಾಠ ಹೇಳುತ್ತದೆ. ಇದಕ್ಕೆ ದೂರದರ್ಶಕ ಬೇಡ, ಅನುದಾನವೂ ಬೇಡ.

ನಕ್ಷತ್ರ ಮಳೆ ತರುವುದಿಲ್ಲ. ಅದು ಕಾಲವನ್ನು ಅಳೆಯುವ ಕೋಲು. ಕೋಲು ಎಷ್ಟು ಸರಿದಿದೆಯೆಂದು ಬಲ್ಲವನು ಮಾತ್ರ ಹವಾಮಾನ ಇಲಾಖೆಯ ಮುನ್ಸೂಚನೆಯನ್ನೂ ಅಜ್ಜನ ಅನುಭವವನ್ನೂ ಒಟ್ಟಿಗೆ ತೂಗಿ ಬಿತ್ತನೆಗೆ ಇಳಿಯಬಲ್ಲ.