ಸಾಗರಾನುಭವವೂ ಸಂದೇಹಬುದ್ಧಿಯೂ

ಪಾಶ್ಚಾತ್ಯರು ಸಂದೇಹಿಗಳು, ನಾವು ಅನುಭಾವಿಗಳು ಎಂಬ ಮಾತನ್ನು ನಮ್ಮ ಸಭೆಗಳಲ್ಲಿ ಎಷ್ಟು ಸಲ ಕೇಳಿದ್ದೇನೆಂಬುದಕ್ಕೆ ಲೆಕ್ಕವಿಲ್ಲ. ಮಾತು ಕಿವಿಗೆ ಹಿತವಾದುದು; ಆಡಿದವನಿಗೂ ಕೇಳಿದವನಿಗೂ ಏನೂ ವೆಚ್ಚವಿಲ್ಲದುದು. ನಾನೂ ಒಮ್ಮೆ ಅದರ ಮರೆಯಲ್ಲಿ ಅಡಗಿಕೊಂಡವನೇ. ಫ್ರಾಯ್ಡನ ಪುಸ್ತಕವೊಂದನ್ನು ಓದಿಕೊಂಡು ಬಂದ ವಿದ್ಯಾರ್ಥಿಯೊಬ್ಬ ತರಗತಿಯಲ್ಲಿ ಎದ್ದು ನಿಂತು, "ಹಾಗಾದರೆ ಪರಮಹಂಸರ ಸಮಾಧಿಯೂ ಎಳೆಗೂಸಿನ ಮನಸ್ಸಿಗೆ ಹಿಂದಿರುಗಿದ್ದಷ್ಟೇ ಏನು, ಸಾರ್?" ಎಂದು ಕೇಳಿದ. "ಅದು ಅನುಭವಿಸಿದವರಿಗೆ ಮಾತ್ರ ತಿಳಿಯುವ ವಿಷಯವಪ್ಪಾ, ಆ ಜನಕ್ಕೆ ಎಲ್ಲಿ ಅರ್ಥವಾದೀತು!" ಎಂದುಬಿಟ್ಟೆ. ತರಗತಿ ನಕ್ಕಿತು, ಹುಡುಗ ಕುಳಿತುಕೊಂಡ. "ತಾವು ಅನುಭವಿಸಿದ್ದೀರಾ?" ಎಂದು ಅವನು ತಿರುಗಿ ಕೇಳಲಿಲ್ಲ. ಕೇಳಿದ್ದರೆ ನನ್ನಲ್ಲಿ ಉತ್ತರವಿರಲಿಲ್ಲ.

ಅವನು ಓದಿದ್ದ ಅಧ್ಯಾಯದ ಹಿನ್ನೆಲೆಯನ್ನು ಹೇಳಬೇಕು. 1927ರಲ್ಲಿ ಫ್ರಾಯ್ಡ್ ಮತಧರ್ಮವೆಂಬುದು ಒಂದು ಭ್ರಾಂತಿಯೆಂದು ವಾದಿಸುವ ಸಣ್ಣ ಗ್ರಂಥವನ್ನು ಪ್ರಕಟಿಸಿ, ಅದನ್ನು ಫ್ರಾನ್ಸಿನ ಸಾಹಿತಿ ರೊಮೇನ್ ರೋಲಾನನಿಗೆ ಕಳುಹಿಸಿದ. ಅದೇ ವರ್ಷ ಡಿಸೆಂಬರ್ 5ರಂದು ರೋಲಾನ್ ಬರೆದ ಉತ್ತರ ಪ್ರಸಿದ್ಧವಾದುದು. ಪೂಜೆ, ಪುರೋಹಿತಿಕೆ, ಪರಲೋಕದ ಆಸೆ ಇವುಗಳ ವಿಷಯದಲ್ಲಿ ಫ್ರಾಯ್ಡನ ವಿಶ್ಲೇಷಣೆಯನ್ನು ಆತ ಒಪ್ಪಿದ. ಆದರೆ ಇವೆಲ್ಲಕ್ಕೂ ಹಿಂದೆ, ಎಲ್ಲೆಯಿಲ್ಲದ, ಸಾಗರದಂತಹ ಒಂದು ಭಾವವಿದೆ. ಅದನ್ನು ನೀವು ಪರಿಶೀಲಿಸಲೇ ಇಲ್ಲ ಎಂದು ಆಕ್ಷೇಪಿಸಿದ. ಆ ಭಾವ ತನ್ನಲ್ಲಿಯೇ ಸದಾ ಇದೆ, ಅದರಿಂದ ತನ್ನ ವಿಮರ್ಶಕ ಬುದ್ಧಿಗೆ ಯಾವ ಬಾಧೆಯೂ ಆಗಿಲ್ಲ ಎಂದೂ ತಿಳಿಸಿದ.

ಈ ಪತ್ರ ಫ್ರಾಯ್ಡನನ್ನು ಸುಮ್ಮನಿರಗೊಡಲಿಲ್ಲ. 1930ರ 'ನಾಗರಿಕತೆ ಮತ್ತು ಅದರ ಅತೃಪ್ತಿಗಳು' ಎಂಬ ಗ್ರಂಥವನ್ನು ಆತ ಇದೇ ಪ್ರಶ್ನೆಯಿಂದ ಆರಂಭಿಸಿದ್ದಾನೆ. ಅಲ್ಲಿ ಮೊದಲು ನಾನು ಮೆಚ್ಚುವುದು ಆತನ ಪ್ರಾಮಾಣಿಕತೆಯನ್ನು: ಈ ಭಾವ ತನ್ನೊಳಗೆ ತನಗೆ ಸಿಕ್ಕಿಲ್ಲವೆಂದು ನೇರವಾಗಿ ಒಪ್ಪಿಕೊಳ್ಳುತ್ತಾನೆ. ಆ ಬಳಿಕ ಅವನ ವಿವರಣೆ. ಮೊಲೆಯುಣ್ಣುವ ಕೂಸಿಗೆ ತಾನು ಬೇರೆ, ಜಗತ್ತು ಬೇರೆ ಎಂಬ ಅರಿವಿಲ್ಲ. ಬೇಕೆಂದಾಗ ಹಾಲು ದೊರೆಯದೆ, ಅತ್ತು ಕರೆದು, ಹೊರಗೊಂದು ಲೋಕವಿದೆಯೆಂಬುದನ್ನು ಅದು ಮೆಲ್ಲಮೆಲ್ಲನೆ ಕಲಿಯುತ್ತದೆ. ನಮ್ಮ ಪ್ರೌಢವಾದ 'ನಾನು' ಎಂಬುದು ಒಂದು ಕಾಲಕ್ಕೆ ಎಲ್ಲವನ್ನೂ ಒಳಗೊಂಡಿದ್ದ ಭಾವದ ಕುಗ್ಗಿದ ಉಳಿಕೆ. ಕೆಲವರಲ್ಲಿ ಆ ಆದಿಮ ಭಾವವು ಹೊಸದರ ಪಕ್ಕದಲ್ಲಿಯೇ ಉಳಿದುಕೊಂಡಿರಬಹುದು. ಹೊಸ ಕಟ್ಟಡಗಳ ನಡುವೆ ಎಲ್ಲ ಕಾಲದ ಕಟ್ಟಡಗಳೂ ಒಟ್ಟಿಗೆ ನಿಂತಿರುವ ಒಂದು ರೋಮ್ ನಗರವನ್ನು ಕಲ್ಪಿಸಿಕೊಳ್ಳಿರೆಂದು ಅವನು ಹೇಳುವ ಭಾಗವಂತೂ ಮರೆಯುವಂತಹುದಲ್ಲ.

ವಿವರಣೆ ಸುಂದರವಾಗಿದೆ. ಆದರೆ ಅದು ಎಷ್ಟನ್ನು ಸಾಧಿಸುತ್ತದೆ? ಒಂದು ಭಾವ ಎಲ್ಲಿಂದ ಬಂತೆಂದು ತೋರಿಸಿದ ಮಾತ್ರಕ್ಕೆ ಅದರ ಬೆಲೆ ಎಷ್ಟೆಂದು ತೋರಿಸಿದಂತಾಗುವುದಿಲ್ಲ. ಮಗು ಬೆರಳೆಣಿಸಿ ಲೆಕ್ಕ ಕಲಿಯಿತೆಂದು ಗಣಿತವನ್ನು ಬೆರಳಾಟವೆನ್ನುವುದುಂಟೆ? ಈ ದೋಷವನ್ನು ಪಶ್ಚಿಮದವನೇ ಆದ ವಿಲಿಯಂ ಜೇಮ್ಸ್ 1902ರಷ್ಟು ಹಿಂದೆಯೇ ಎತ್ತಿ ತೋರಿಸಿದ್ದ. ಸಂತರ ದರ್ಶನವನ್ನು ಮಿದುಳಿನ ಬೇನೆಯೆಂದು ಹೆಸರಿಸಿ ಕೈತೊಳೆದುಕೊಳ್ಳುವ ಪದ್ಧತಿಗೆ ಅವನು ವೈದ್ಯಕೀಯ ಭೌತವಾದವೆಂದು ಹೆಸರಿಟ್ಟ; ಅನುಭವವನ್ನು ಅದರ ಬೇರಿನಿಂದಲ್ಲ, ಫಲದಿಂದ ಅಳೆಯಬೇಕೆಂದ. ಇಷ್ಟನ್ನು ನಮ್ಮವರು ಸಂತೋಷದಿಂದ ಉದ್ಧರಿಸುತ್ತಾರೆ. ಅದೇ ಜೇಮ್ಸ್ ಮುಂದೆ ಹೇಳಿದುದನ್ನು ಬಿಟ್ಟುಬಿಡುತ್ತಾರೆ: ಅನುಭಾವವು ಪಡೆದವನಿಗೆ ಪ್ರಮಾಣವಾಗಬಹುದು, ಪಡೆಯದವನು ಅದನ್ನು ವಿಚಾರಿಸದೆ ಒಪ್ಪಬೇಕೆಂಬ ಬಾಧ್ಯತೆಯಿಲ್ಲ.

ಇಲ್ಲಿ ನಾವು ನಮ್ಮನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆಯಿದೆ. ಸ್ಪೇನಿನ ತೆರೇಸಾಳಿಗೆ ಕ್ರಿಸ್ತನ ಸಾನ್ನಿಧ್ಯ. ವೈಷ್ಣವ ಭಕ್ತನಿಗೆ ಕೃಷ್ಣನದು. ಅದ್ವೈತಿಗೆ ಆತ್ಮವೊಂದೇ ಸತ್ಯ. ಬೌದ್ಧನಿಗೆ ಆತ್ಮವೆಂಬುದೇ ಇಲ್ಲ. ನಿಶ್ಚಯದಲ್ಲಿ ಯಾರೂ ಯಾರಿಗೂ ಕಡಿಮೆಯಿಲ್ಲ. ಅನುಭವ ನಿಜವೆಂದು ಒಪ್ಪಿದರೂ ಅದಕ್ಕೆ ಕೊಡುವ ಅರ್ಥ ನಿಜವೇ ಎಂಬುದು ಬೇರೆ ಪ್ರಶ್ನೆ. 'ಅನುಭವಿಸಿದವನಿಗೇ ಗೊತ್ತು' ಎಂಬ ಮಾತು ಈ ಎರಡನೆಯ ಪ್ರಶ್ನೆಯನ್ನು ಮುಟ್ಟುವುದೇ ಇಲ್ಲ.

ಇನ್ನು ಪೂರ್ವಪಶ್ಚಿಮಗಳ ಗಡಿಯ ವಿಚಾರ. ಸಾಗರಭಾವದ ಪರವಾಗಿ ನಿಂತ ರೋಲಾನ್ ಫ್ರೆಂಚಿನವನು. ಭಾರತಕ್ಕೆ ಒಮ್ಮೆಯೂ ಬಂದವನಲ್ಲ. ರಾಮಕೃಷ್ಣ ವಿವೇಕಾನಂದರ ಜೀವನಚರಿತ್ರೆಗಳನ್ನು ಅವನು ದೂರದಲ್ಲಿ ಕುಳಿತೇ ಬರೆದ. ಇತ್ತ ದಕ್ಷಿಣೇಶ್ವರದಲ್ಲಿ ಸಂದೇಹಿಗಳಿಗೆ ಕೊರತೆಯಿತ್ತೆ? ಕುವೆಂಪು ಅವರ ಗ್ರಂಥಗಳ ಮೂಲಕ ಕನ್ನಡಿಗರಿಗೆ ಪರಿಚಿತನಾದ ತರುಣ ನರೇಂದ್ರ, ಮಿಲ್ಲನನ್ನೂ ಸ್ಪೆನ್ಸರನನ್ನೂ ಓದಿಕೊಂಡೇ ಅಲ್ಲಿಗೆ ಹೋದವನು. ಹಣದ ಸ್ಪರ್ಶವನ್ನು ಗುರು ಸಹಿಸಲಾರನೆಂಬುದು ನಿಜವೇ ಎಂದು ನೋಡಲು ಹಾಸಿಗೆಯ ಕೆಳಗೆ ನಾಣ್ಯವಿಟ್ಟು ಪರೀಕ್ಷಿಸಿದವನು. ಗುರು ಕೋಪಿಸಲಿಲ್ಲ, ಸರಾಫನು ನಾಣ್ಯವನ್ನು ನೋಡುವಂತೆ ತನ್ನನ್ನು ಪರೀಕ್ಷಿಸಬೇಕೆಂದೇ ಅವರ ಅಭಿಪ್ರಾಯವಾಗಿತ್ತು.

ನನಗೆ ಇವರೆಲ್ಲರಿಗಿಂತ ಹೆಚ್ಚು ಪ್ರಿಯರಾದವರು ಡಾಕ್ಟರ್ ಮಹೇಂದ್ರಲಾಲ್ ಸರ್ಕಾರ್. 1876ರಲ್ಲಿ ಕಲ್ಕತ್ತೆಯಲ್ಲಿ ವಿಜ್ಞಾನಾಭ್ಯಾಸಕ್ಕಾಗಿ ಭಾರತೀಯರದೇ ಆದ ಸಂಘವನ್ನು ಸ್ಥಾಪಿಸಿದ ಮಹನೀಯರು ಇವರು, ಸಿ. ವಿ. ರಾಮನ್ ಅವರು 1928ರಲ್ಲಿ ತಮ್ಮ ಹೆಸರಿನ ಪರಿಣಾಮವನ್ನು ಕಂಡುಹಿಡಿದುದು ಇದೇ ಸಂಘದ ಪ್ರಯೋಗಶಾಲೆಯಲ್ಲಿ. 1885ರಲ್ಲಿ ಪರಮಹಂಸರ ಗಂಟಲಿನ ವ್ಯಾಧಿಗೆ ಚಿಕಿತ್ಸೆ ಮಾಡಲು ಬಂದ ಸರ್ಕಾರರು, ರೋಗಿಯನ್ನು ನೋಡಿ ಹೊರಡುವ ಬದಲು ಗಂಟೆಗಟ್ಟಲೆ ಕುಳಿತು ವಾದಿಸುತ್ತಿದ್ದರು. ಮನುಷ್ಯನನ್ನು ದೇವರೆಂದು ಪೂಜಿಸುವುದು ಅವರಿಗೆ ಸರಿಬೀಳಲಿಲ್ಲ. ಭಕ್ತರ ಎದುರಿನಲ್ಲಿಯೇ ಅದನ್ನು ಹೇಳಿದರು. ಒಮ್ಮೆ ಪರಮಹಂಸರು ಸಮಾಧಿಸ್ಥರಾದಾಗ ಇವರು ಎದೆಗೆ ಯಂತ್ರವಿಟ್ಟು ನೋಡಿದರೆಂದೂ, ಜೊತೆಯಲ್ಲಿದ್ದ ಇನ್ನೊಬ್ಬ ವೈದ್ಯರು ತೆರೆದ ಕಣ್ಣಿನ ಗುಡ್ಡೆಯನ್ನು ಬೆರಳಿನಿಂದ ಮುಟ್ಟಿ ನೋಡಿದರೆಂದೂ ಶಿಷ್ಯರೇ ಬರೆದಿಟ್ಟಿದ್ದಾರೆ. ಪರೀಕ್ಷೆಯನ್ನು ಅಪಚಾರವೆಂದು ಯಾರೂ ಬಗೆಯಲಿಲ್ಲ. ಸರ್ಕಾರರು ಒಪ್ಪಲೂ ಇಲ್ಲ, ಬರುವುದನ್ನು ಬಿಡಲೂ ಇಲ್ಲ.

ಇದೇ ಬಗೆಯ ಕುತೂಹಲವೇ 1961ರಲ್ಲಿ ದೆಹಲಿಯ ಅಖಿಲ ಭಾರತ ವೈದ್ಯಕೀಯ ಸಂಸ್ಥೆಯ ಬಿ. ಕೆ. ಆನಂದ್ ಮತ್ತು ಸಹೋದ್ಯೋಗಿಗಳ ಪ್ರಬಂಧದಲ್ಲಿ ಕಾಣುತ್ತದೆ. ಧ್ಯಾನಸ್ಥ ಯೋಗಿಗಳ ಮಿದುಳಿನ ವಿದ್ಯುತ್ ತರಂಗಗಳನ್ನು ಅವರು ದಾಖಲಿಸಿದರು. ಬೆಳಕು, ಶಬ್ದ, ಬಿಸಿಗಾಜಿನ ಸ್ಪರ್ಶ ಇವು ಸಾಮಾನ್ಯವಾಗಿ ಕದಲಿಸುವ ತರಂಗಗಳು ಆ ಸ್ಥಿತಿಯಲ್ಲಿ ಕದಲಲಿಲ್ಲ. ಇದರಿಂದ ಬ್ರಹ್ಮಸಾಕ್ಷಾತ್ಕಾರ ಸಿದ್ಧವಾಯಿತೆಂದು ಹಿಗ್ಗುವವನೂ, ಎಲ್ಲವೂ ಮಿದುಳಿನ ಆಟವೆಂದು ತಳ್ಳಿಹಾಕುವವನೂ ಪ್ರಬಂಧವನ್ನು ಓದಿಲ್ಲವೆಂದೇ ನನ್ನ ಗುಮಾನಿ. ನಮ್ಮ ಬೆಂಗಳೂರಿನಲ್ಲಿ ಎಚ್. ನರಸಿಂಹಯ್ಯನವರು ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿದರು. ಖಾದಿಯುಟ್ಟ ಆ ಗಾಂಧಿವಾದಿ ಬ್ರಹ್ಮಚಾರಿಯ ಸಂದೇಹ ಯಾವ ಹಡಗಿನಲ್ಲಿ ಬಂದಿಳಿಯಿತೆಂದು ಕೇಳಬೇಕು.

ಸಮುದ್ರದ ಆಳವನ್ನು ಅಳೆಯಹೋದ ಉಪ್ಪಿನ ಗೊಂಬೆಯ ಕಥೆಯನ್ನು ಪರಮಹಂಸರು ಹೇಳುತ್ತಿದ್ದರು: ಅದು ನೀರಿಗಿಳಿದು ಕರಗಿತು, ಆಳವೆಷ್ಟೆಂದು ಬಂದು ಹೇಳುವವರು ಯಾರು? ಅದ್ಭುತವಾದ ದೃಷ್ಟಾಂತ. ಆದರೆ ಅದನ್ನು ಸಂದೇಹಿಯ ಬಾಯಿ ಮುಚ್ಚಿಸಲು ಬಳಸುವವರು ಕರಗಿದವರಲ್ಲ. ದಡದಲ್ಲಿ, ಒಂದು ಹನಿಯೂ ಸೋಕದ ಜಾಗದಲ್ಲಿ, ಒಣಗಿ ಕುಳಿತ ನನ್ನಂತಹವರು.

ತನಗೆ ಸಂಗೀತದಂತೆಯೇ ಅನುಭಾವವೂ ಮುಚ್ಚಿದ ಬಾಗಿಲೆಂದು ಫ್ರಾಯ್ಡ್ 1929ರಲ್ಲಿ ರೋಲಾನನಿಗೆ ಬರೆದ. ಬೀಥೋವನನನ್ನು ಆರಾಧಿಸುತ್ತಿದ್ದ ರೋಲಾನನಿಗೆ ಇದನ್ನು ನಂಬುವುದೇ ಕಷ್ಟವಾಯಿತು. ಇಬ್ಬರ ಸ್ನೇಹ ಮುರಿಯಲಿಲ್ಲ. 1931ರಲ್ಲಿ, ಫ್ರಾಯ್ಡನ 75ನೆಯ ಹುಟ್ಟುಹಬ್ಬಕ್ಕೆ, ಗಿರೀಂದ್ರಶೇಖರ ಬೋಸರ ನೇತೃತ್ವದ ಭಾರತೀಯ ಮನೋವಿಶ್ಲೇಷಣಾ ಸಂಘವು ದಂತದ ವಿಷ್ಣುಮೂರ್ತಿಯನ್ನು ಕಳುಹಿಸಿತು; ಆ ನಾಸ್ತಿಕ ಅದನ್ನು ತನ್ನ ಬರೆಯುವ ಮೇಜಿನ ಮೇಲಿಟ್ಟುಕೊಂಡ.

ನನ್ನ ವಿದ್ಯಾರ್ಥಿ ಈಗ ಎಲ್ಲಿದ್ದಾನೋ ತಿಳಿಯದು. ಸಿಕ್ಕರೆ, "ನನಗೆ ಗೊತ್ತಿಲ್ಲಪ್ಪ, ಅಂದೂ ಗೊತ್ತಿರಲಿಲ್ಲ" ಎಂದು ಹೇಳಬೇಕೆಂದಿದ್ದೇನೆ.