ಮುಂಗಡದ ಕುಣಿಕೆ ಬಿಚ್ಚುವವರು ಯಾರು?

ನಾಲತವಾಡದಲ್ಲಿ ಗಂಟುಮೂಟೆ ಹೊತ್ತು, ಕಂಕುಳಲ್ಲಿ ಕೂಸು ಕಟ್ಟಿಕೊಂಡು ಬಸ್ಸಿಗೆ ನಿಂತವರನ್ನು ಎಲ್ಲಿಗೆ ಹೊಂಟ್ರಿ ಅಂತ ಕೇಳಬೇಕಿಲ್ಲ. ಗೋವಾ, ಇಲ್ಲಾ ಮಂಗಳೂರು. ಮುದ್ದೇಬಿಹಾಳ ಸೀಮೆಗೆ ಗುಳೆ ಹೊಸದಲ್ಲ. ಕೃಷ್ಣೆ ಹತ್ತಿರವೇ ಹರಿದರೂ ಮಳೆ ಕೈಕೊಟ್ಟ ವರ್ಷ ಹೊಲವಿಲ್ಲದವನ ಒಲೆ ಉರಿಯುವುದಿಲ್ಲ.

ಅನೇಕರು ಹೋಗುವ ಮೊದಲೇ ಮುಂಗಡ ತಗೊಂಡಿರುತ್ತಾರೆ. ಅಂಗಡಿಯ ಉದ್ರಿ, ಮದುವೆ ಸಾಲದ ಬಡ್ಡಿ ಅಂತ ಅದು ಊರಲ್ಲೇ ಕರಗುತ್ತದೆ. ಆಮೇಲೆ ಮೇಸ್ತ್ರಿ ಹೇಳಿದ್ದೇ ಕೂಲಿ. ಮುಂಗಡ ತೋರಿಸಿ ಆಳನ್ನು ಕಟ್ಟಿಹಾಕುವುದು 1976ರ ಜೀತ ಪದ್ಧತಿ ರದ್ದು ಕಾಯ್ದೆಯಂತೆ ಅಪರಾಧ. ಆದರೆ ಹಸಿದವನು ಕಾಯ್ದೆ ಓದಿ ಬಸ್ಸು ಹತ್ತುತ್ತಾನೆಯೇ?

ಈ ಜನ ಹೋಗಿ ಇಳಿಯುವ ಮಂಗಳೂರಲ್ಲೇ ಇದಕ್ಕೊಂದು ಪಾಠವಿದೆ. 1834ರಲ್ಲಿ ಅಲ್ಲಿಗೆ ಬಾಸೆಲ್ ಮಿಶನ್ ಬಂತು. ಕ್ರೈಸ್ತರಾದವರಲ್ಲಿ ಹಲವರಿಗೆ ಜಾತಿಯ ಜೊತೆ ಮನೆ, ಕಸುಬೂ ತಪ್ಪಿದವು. ದಾನದ ಅಕ್ಕಿ ಎಷ್ಟು ದಿನ ಸಾಲುತ್ತದೆ? ಮಿಶನ್ ಮಗ್ಗ ಹೂಡಿತು, 1865ರಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. ಮಂಗಳೂರು ಹಂಚು ದೇಶಕ್ಕೆಲ್ಲ ಹೆಸರಾಯಿತು. ದುಡಿದವನಿಗೆ ಕೂಲಿ ಸಿಕ್ಕಿತು. ಕಾರ್ಖಾನೆ ಮಾತ್ರ ದುಡಿದವನದಾಗಲಿಲ್ಲ. ಮೊದಲ ಮಹಾಯುದ್ಧದ ಕಾಲಕ್ಕೆ ಬ್ರಿಟಿಷ್ ಸರಕಾರ ಅದನ್ನು ತನ್ನ ವಶಕ್ಕೆ ತಗೊಂಡಾಗ ಕೂಲಿಕಾರನ ಮಾತು ಯಾರೂ ಕೇಳಲಿಲ್ಲ.

ಅದೇ ಊರಿನ ಕೆಥೋಲಿಕರು ಇನ್ನೊಂದು ದಾರಿ ಹಿಡಿದರು. 1912ರಲ್ಲಿ ಪಿ.ಎಫ್.ಎಕ್ಸ್. ಸಲ್ಡಾನ್ಹಾ ಮುಂದಾಳತ್ವದಲ್ಲಿ ಸಹಕಾರಿ ಪತ್ತಿನ ಸಂಘ ಕಟ್ಟಿದರು. ಸದಸ್ಯರದೇ ಷೇರು, ಸದಸ್ಯರಿಗೇ ಸಾಲ. ಇಂದು ಅದು ಎಂಸಿಸಿ ಬ್ಯಾಂಕು. ನೂರು ವರ್ಷ ದಾಟಿಯೂ ನಡೆದಿದೆ.

ಇದು ಕರಾವಳಿಯವರ ಜಾಣತನ ಅಂತ ಕೈಚೆಲ್ಲಬೇಕಿಲ್ಲ. ಅದಕ್ಕೂ 7 ವರ್ಷ ಮೊದಲು, 1905ರಲ್ಲೇ, ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಹುಟ್ಟುಹಾಕಿದ್ದರು. ಬೀಜ ಬಯಲುಸೀಮೆಯದೇ.

ದುಡಿದವನಿಗೆ ಸಂಸಾರ ಸಾಗುವಷ್ಟು ಕೂಲಿ ಸಿಗಬೇಕು, ಅದು ದಯೆಯಲ್ಲ, ನ್ಯಾಯ ಅಂತ 13ನೇ ಲಿಯೋ ಪೋಪ್ 1891ರಲ್ಲಿ ಬರೆದರು. 2025ರಲ್ಲಿ ಪೋಪ್ ಆದವರು 14ನೇ ಲಿಯೋ ಅಂತ ಹೆಸರಿಟ್ಟುಕೊಂಡಿದ್ದು ಆ ಮಾತನ್ನು ನೆನೆದೇ. ಬಸವಣ್ಣ ಹುಟ್ಟಿದ ಬಾಗೇವಾಡಿಯ ನೆರೆಯವರಿಗೆ ಕಾಯಕ, ದಾಸೋಹದ ಅರ್ಥ ರೋಮಿನಿಂದ ಬರಬೇಕಿಲ್ಲ. ಆದರೆ ಮಾತನ್ನು ಲೆಕ್ಕದ ಪುಸ್ತಕಕ್ಕೆ ಇಳಿಸುವುದನ್ನು ಮಂಗಳೂರಿನ ಇಗರ್ಜಿಯವರಿಂದ ಕಲಿತರೆ ತಪ್ಪೇನು?

ಸಾಲ ಕೊಡುವ ಸಂಘಗಳಿಗೆ ಬರವಿಲ್ಲ. ಉತಾರ ಇಲ್ಲದವನಿಗೆ ಬಾಗಿಲು ತೆರೆಯುವವು ಎಷ್ಟು? ಗುಳೆಯ ಹಂಗಾಮಿಗೆ ಮೊದಲು ಐದು, ಹತ್ತು ಸಾವಿರ ಸಣ್ಣ ಬಡ್ಡಿಗೆ ಸಿಕ್ಕರೆ ಮೇಸ್ತ್ರಿಯ ಮುಂಗಡಕ್ಕೆ ಕೈಯೊಡ್ಡುವ ಪಾಳಿ ತಪ್ಪುತ್ತದೆ. ಹೋದರೂ ಕೂಲಿ ಚೌಕಾಶಿ ಮಾಡಿ ಹೋಗುತ್ತಾನೆ. ಮಠ, ಮಸೀದಿ, ಇಗರ್ಜಿ ಯಾವುದೇ ಇರಲಿ, ಅನ್ನದಾನದ ಜೊತೆ ಇಂಥ ಸಾಲಕ್ಕೆ ಜಾಮೀನು ನಿಲ್ಲಬಹುದು.

ಅಂಗಡಿಕಾರರೂ ಇಲ್ಲಿ ಹೊರಗಿನವರಲ್ಲ. ಗುಳೆ ಹೋದವನ ಉದ್ರಿ ಪುಸ್ತಕದಲ್ಲೇ ಕೂತಿರುತ್ತದೆ, ಗಿರಾಕಿ ಗೋವಾದಲ್ಲಿರುತ್ತಾನೆ. ಒಂದೊಂದು ಷೇರು ಹಾಕಿದರೆ ಅದು ಧರ್ಮವೂ ಹೌದು, ವ್ಯಾಪಾರವೂ ಹೌದು. ಬಸ್ಸು ಹೊರಡುವ ಮುಂಚೆ ಆ ಲೆಕ್ಕ ಹಾಕಲಿ.